ಹಗ್ಗವನ್ನು ನೋಡುವ ಕಣ್ಣು

ಬಾವಿಯಿಂದ ನೀರು ಸೇದಿ ಬಲ್ಲವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಗ್ಗ ಒಮ್ಮೆಗೇ ಹರಿಯುವುದಿಲ್ಲ. ಮೊದಲು ಎಳೆಯೊಂದು ಸವೆಯುತ್ತದೆ, ಬಳಿಕ ಹುರಿ ಬಿಚ್ಚುತ್ತದೆ, ಆಮೇಲೆ ಕೊಡ ನೀರುಪಾಲಾಗುತ್ತದೆ. ಸೇದುವ ಕೈಯೇ ಹಗ್ಗವನ್ನು ಮುಟ್ಟುವುದರಿಂದ ಅಲ್ಲಿ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಆದರೆ ಹಗ್ಗದ ತುದಿಯಲ್ಲಿ ಕೊಡದ ಬದಲು ಮನುಷ್ಯರೇ ತೂಗುವಾಗ ಅದನ್ನು ನೋಡಬೇಕಾದವರು ಯಾರು?

ಗಣಿಗಳಲ್ಲಿ ಇದು ಪ್ರಾಣದ ಪ್ರಶ್ನೆಯಾಯಿತು. ಜರ್ಮನಿಯ ಹಾರ್ಜ್ ಪರ್ವತಪ್ರಾಂತದ ಗಣಿಗಳಲ್ಲಿ ಭಾರವೆತ್ತಲು ನಾರಿನ ಹಗ್ಗವನ್ನೂ ಕಬ್ಬಿಣದ ಸರಪಳಿಯನ್ನೂ ಬಳಸುತ್ತಿದ್ದರು. ನಾರು ತೇವಕ್ಕೆ ಕೊಳೆಯುತ್ತಿತ್ತು. ಸರಪಳಿಯ ದೋಷವೇ ಬೇರೆ: ನೂರು ಕೊಂಡಿ ಗಟ್ಟಿಯಾಗಿದ್ದರೂ ಒಂದು ಮುರಿದರೆ ಮುಗಿಯಿತು. ಕ್ಲಾಸ್ಟಾಲ್ ಎಂಬ ಊರಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟನು 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದನು. ನಾಲ್ಕು ತಂತಿಗಳ ಒಂದೊಂದು ಎಳೆ. ಅಂಥ ಮೂರು ಎಳೆಗಳ ಹುರಿ. ಒಂದು ತಂತಿ ಕಡಿದರೂ ಉಳಿದವು ಭಾರವನ್ನು ಹಿಡಿದಿರುತ್ತವೆ. ಕಡಿದ ತಂತಿ ನೋಡುವವನಿಗೆ ಎಚ್ಚರಿಕೆ.

ನೋಡುವವನಿಗೆ ಎಂದೆನಷ್ಟೆ, ಮರ್ಮವಿರುವುದು ಅಲ್ಲಿಯೇ. ರಾಟೆಯ ಮೇಲೆ ಬಾಗಿ ಬಾಗಿ ತಂತಿ ದಣಿಯುತ್ತದೆ. ಮೇಲೆ ಗ್ರೀಸು ಮೆತ್ತಿ ಹೊಳೆಯುತ್ತಿರುವಾಗಲೇ ಒಳಗೆ ತುಕ್ಕು ತಿನ್ನುತ್ತಿರಬಹುದು. ನಮ್ಮ ಕೋಲಾರದ ಚಿನ್ನದ ಗಣಿಗಳನ್ನು ನೆನೆಯಿರಿ. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫಿನ ಆಳ 3,000 ಮೀಟರಿಗೂ ಮಿಕ್ಕಿತ್ತು. ಕೇಜಿನಲ್ಲಿ ನಿಂತು ಆ ಪಾತಾಳಕ್ಕೆ ಇಳಿಯುತ್ತಿದ್ದ ಕಾರ್ಮಿಕನು ತನ್ನನ್ನು ಹೊತ್ತ ಹಗ್ಗವನ್ನು ತಾನೇ ಮುಟ್ಟಿ ನೋಡುವಂತಿರಲಿಲ್ಲ. ಮತ್ತೊಬ್ಬನ ಕಣ್ಣನ್ನು ನಂಬಿ ಇಳಿಯುತ್ತಿದ್ದನು.

ಮತ್ತೊಬ್ಬನ ಕಣ್ಣು ಅವನ ಮನಸ್ಸು ಬಂದಾಗ ಮಾತ್ರ ತೆರೆದರೆ ಸಾಲದು; ಅದು ಕರ್ತವ್ಯವಾಗಬೇಕು. ಕಾರ್ಖಾನೆಗಳ ಮಟ್ಟಿಗೆ ಈ ಕರ್ತವ್ಯವನ್ನು ಸ್ವತಂತ್ರ ಭಾರತದ 1948ರ ಕಾರ್ಖಾನೆಗಳ ಕಾಯಿದೆ ಸ್ಪಷ್ಟವಾಗಿ ವಿಧಿಸಿತು. ಲಿಫ್ಟುಗಳನ್ನು 6 ತಿಂಗಳಿಗೊಮ್ಮೆ, ಕ್ರೇನು, ಸರಪಳಿ, ಹಗ್ಗಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹನಾದವನು ಕೂಲಂಕಷವಾಗಿ ಪರೀಕ್ಷಿಸಬೇಕು; ಕಂಡದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು; ಎಷ್ಟು ಭಾರ ಹೊರಬಹುದೆಂಬುದನ್ನು ಎದ್ದು ಕಾಣುವಂತೆ ಬರೆದು, ಅದಕ್ಕೆ ಮೀರಿ ಹೇರಕೂಡದು ಎಂದಿತು. ಆ ಕಾಯಿದೆಯ ಸ್ಥಾನಕ್ಕೆಂದು ಸಂಸತ್ತು 2020ರಲ್ಲಿ ಹೊಸ ಸಂಹಿತೆಯನ್ನು ಅಂಗೀಕರಿಸಿತು. ಶಾಸನದ ಹೆಸರು ಬದಲಾಗಬಹುದು. ಹಗ್ಗ ಸವೆಯುವ ರೀತಿ ಬದಲಾಗದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲುಂಟು. ಅಪಘಾತವಾದ ಮೇಲೆ ತನಿಖೆ ನಡೆಸುವುದು ಅಂಥದೇ. ಕೋಟೆ ಬಾಗಿಲನ್ನು ಮೊದಲೇ ಹಾಕುವ ಉಪಾಯವೇ ಈ ರಿಜಿಸ್ಟರು. ಆದರೆ ನೋಡದೆ ಹಾಕಿದ ರುಜು ಸವೆದ ಕೊಂಡಿಗಿಂತಲೂ ಅಪಾಯಕರ. ಸವೆದ ಕೊಂಡಿಯನ್ನು ಕಂಡವರು ದೂರ ಸರಿಯುತ್ತಾರೆ; ರುಜುವನ್ನು ನಂಬಿದವರು ಭಾರದ ಕೆಳಗೇ ಕೆಲಸ ಮಾಡುತ್ತಾರೆ. ವಾಚಕರಲ್ಲಿ ಅಂಥ ರುಜು ಹಾಕುವವರು ಯಾರಾದರೂ ಇದ್ದರೆ ಅವರಲ್ಲಿ ನನ್ನ ಬಿನ್ನಹ ಇಷ್ಟೆ: ಲೇಖನಿ ಹಿಡಿಯುವ ಮೊದಲು ಅದೇ ಕೈಯಿಂದ ಹಗ್ಗವನ್ನೊಮ್ಮೆ ಪರೀಕ್ಷಿಸಿರಿ.