ಸ್ಪೋರ್ಟ್ಸ್ ಕಾರಿನ ಮುಂಭಾಗದ ನಂಬರ್ ಪ್ಲೇಟ್ ಜೋಡಣೆ

ಸ್ಪೋರ್ಟ್ಸ್ ಕಾರಿನ ಮುಂಭಾಗದ ನಂಬರ್ ಪ್ಲೇಟ್ ಜೋಡಣೆ: ಬಂಪರಿಗೆ ತೂತು ಕೊರೆಯದೆ, ಬಣ್ಣ ಕೆಡಿಸದೆ, ಕಾನೂನು ಕೇಳುವಷ್ಟು ಭದ್ರವಾಗಿ ನೋಂದಣಿ ಫಲಕವನ್ನು ಕಾರಿನ ಮುಂಬದಿಗೆ ಕೂರಿಸುವ ಕೆಲಸ. ಹಿಂಬದಿಯ ಫಲಕದ್ದು ತಕರಾರಿಲ್ಲ. ಅದಕ್ಕೆಂದೇ ತಗ್ಗಾದ ಜಾಗ, ದೀಪ, ಸ್ಕ್ರೂ ಕೂರುವ ಗೂಡು ಎಲ್ಲವೂ ಕಾರ್ಖಾನೆಯಲ್ಲೇ ಸಿದ್ಧವಾಗಿರುತ್ತವೆ. ಮುಂಬದಿಯಲ್ಲಿ ಹಾಗಲ್ಲ. ಗಾಳಿ ಸೀಳಲೆಂದು ತಗ್ಗಿಸಿ ಬಾಗಿಸಿದ ಮೂತಿಯ ಮೇಲೆ ಚಪ್ಪಟೆ ತಟ್ಟೆಯೊಂದಕ್ಕೆ ಸಹಜವಾದ ಜಾಗವೇ ಇರುವುದಿಲ್ಲ. ಇದ್ದ ಜಾಗವೂ ರೇಡಿಯೇಟರಿಗೆ ಗಾಳಿ ಒದಗಿಸುವ ಬಾಯಿಯಾಗಿರುತ್ತದೆ.

ಈ ಸಮಸ್ಯೆ ಹೆಚ್ಚಾಗಿ ಕಾಡುವುದು ಅಮೆರಿಕದಲ್ಲಿ. ಅಮೆರಿಕದಲ್ಲಿ ರಾಜ್ಯ ಸರ್ಕಾರವೇ ಫಲಕ ವಿತರಿಸುವ ಪದ್ಧತಿ 1903ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಶುರುವಾಯಿತು. ಫಲಕದ ಅಳತೆ 1956ರವರೆಗೂ ರಾಜ್ಯಕ್ಕೊಂದು ಬಗೆಯಾಗಿತ್ತು. ಆ ವರ್ಷ ವಾಹನ ತಯಾರಕರೂ ರಾಜ್ಯಗಳ ಮೋಟಾರು ವಾಹನ ಆಡಳಿತಗಳೂ ಒಪ್ಪಂದಕ್ಕೆ ಬಂದು 12 ಇಂಚು ಅಗಲ, 6 ಇಂಚು ಎತ್ತರ ಎಂದು ನಿಗದಿ ಮಾಡಿದರು. ಅಳತೆ ಒಂದಾಯಿತಾದರೂ ನಿಯಮ ಒಂದಾಗಲಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್, ಇಲಿನಾಯ್ ಮೊದಲಾದ ರಾಜ್ಯಗಳಲ್ಲಿ ಹಿಂದೆಯೂ ಮುಂದೆಯೂ ಫಲಕ ಇರಲೇಬೇಕು. ಫ್ಲಾರಿಡಾ, ಮಿಷಿಗನ್, ಪೆನ್ಸಿಲ್ವೇನಿಯಾ, ಅರಿಜೋನಾಗಳಲ್ಲಿ ಹಿಂದಿನದೊಂದೇ ಸಾಕು. ಒಹಾಯೋ ರಾಜ್ಯ 2020ರ ಜುಲೈನಿಂದ ಮುಂದಿನ ಫಲಕವನ್ನು ಕೈಬಿಟ್ಟಿತು.

ಹೀಗೆ ಒಂದೇ ಮಾದರಿಯ ಕಾರು ಎರಡು ಬಗೆಯ ಕಾನೂನಿನಡಿ ಮಾರಾಟವಾಗುವುದರಿಂದ ತಯಾರಕರು ಬಂಪರನ್ನು ಕೊರೆಯದೆ ಕಳಿಸುತ್ತಾರೆ. ಎಲ್ಲಿ ಕೊರೆಯಬೇಕೆಂಬುದಕ್ಕೆ ಬಂಪರಿನ ಮೇಲೆ ಸಣ್ಣ ಗುಳಿಯ ಗುರುತು ಇರುವುದುಂಟು, ಬ್ರ್ಯಾಕೆಟ್ ಡಿಕ್ಕಿಯಲ್ಲಿ ಪ್ರತ್ಯೇಕವಾಗಿ ಬರುವುದುಂಟು. ಡ್ರಿಲ್ ಹಿಡಿಯುವುದು ಶೋರೂಮಿನವರು, ಅದೂ ಗ್ರಾಹಕ ಬರುವುದಕ್ಕೆ ಮೊದಲೇ. ಕಾರು ಕೈಸೇರುವ ಹೊತ್ತಿಗೆ ಎರಡೋ ನಾಲ್ಕೋ ತೂತು ಬಿದ್ದಾಗಿರುತ್ತದೆ.

ಬಂಪರಿನ ರಚನೆ

ಹೊರಗಿನಿಂದ ಕಾಣುವ ಬಂಪರ್ ನಿಜಕ್ಕೂ ಬರೀ ಹೊದಿಕೆ. ಪಾಲಿಪ್ರೊಪಿಲೀನ್ ಆಧಾರಿತ ಪ್ಲಾಸ್ಟಿಕ್‌ನಿಂದಲೋ ಪಾಲಿಯುರೆಥೇನ್‌ನಿಂದಲೋ ಮಾಡಿದ, ಕೆಲವೇ ಮಿಲಿಮೀಟರ್ ದಪ್ಪದ ಚಿಪ್ಪು ಅದು. ಅದರ ಹಿಂದೆ ಪೆಟ್ಟು ನುಂಗುವ ಫೋಮ್, ಅದರ ಹಿಂದೆ ಉಕ್ಕಿನ ಅಥವಾ ಅಲ್ಯೂಮಿನಿಯಂ ತೊಲೆ. ಕಾರಿನ ಚೌಕಟ್ಟಿಗೆ ಸೇರಿದ್ದು ಆ ತೊಲೆ ಮಾತ್ರ. ಈ ಲೇಖನದ ಮುಖ್ಯ ಮಾತು ಇಲ್ಲೇ ಇದೆ: ಫಲಕದ ಭಾರ ಹೊದಿಕೆಯ ಮೇಲೆ ಬಿದ್ದರೆ ಹೊದಿಕೆ ಇಂದಲ್ಲ ನಾಳೆ ಕೆಡುತ್ತದೆ. ತೊಲೆಯ ಮೇಲೆ ಬಿದ್ದರೆ ಏನೂ ಆಗುವುದಿಲ್ಲ.

ಭಾರವೆಂದರೆ ತಟ್ಟೆಯ ತೂಕವಲ್ಲ. ಅಮೆರಿಕದ ಅಲ್ಯೂಮಿನಿಯಂ ಫಲಕ ಸುಮಾರು 100 ಗ್ರಾಂ ತೂಗುತ್ತದೆ, ಅಷ್ಟೆ. ಹೊಡೆತ ಬೀಳುವುದು ಗಾಳಿಯಿಂದ. 100 ಕಿ.ಮೀ. ವೇಗದಲ್ಲಿ ಆ ತಟ್ಟೆಯ ಮೇಲೆ ಸುಮಾರು ಎರಡೂವರೆ ಕೆ.ಜಿ. ತೂಕದಷ್ಟು ಒತ್ತಡ ಬೀಳುತ್ತದೆ. 160 ಕಿ.ಮೀ.ಗೆ ಅದು 6 ಕೆ.ಜಿ. ಮುಟ್ಟುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಈ ಒತ್ತಡ ಒಂದೇ ಸಮನೆ ಇರುವುದೂ ಇಲ್ಲ, ಅದುರುತ್ತಲೇ ಇರುತ್ತದೆ. ಸ್ಕ್ರೂ ಸಡಿಲವಾಗುವುದು, ತಟ್ಟೆಯ ಅಂಚು ಬಣ್ಣಕ್ಕೆ ಉಜ್ಜಿ ಗೀರು ಮೂಡಿಸುವುದು ಈ ಅದುರಿಗೆ.

ಕೊರೆದ ತೂತಿನ ಅಂಚಿನಲ್ಲಿ ಬಣ್ಣದ ಪದರ ಏಳುತ್ತದೆ, ಮುಂದೆ ಯಾವಾಗಲಾದರೂ ಮೆಲ್ಲನೆ ತಗುಲಿದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅಗ್ಗದ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಕೆಳಗೆ ಕಂದು ಗೆರೆ ಇಳಿಸುತ್ತದೆ. ಡ್ರಿಲ್ ಬಿಟ್ ಒಳಗೆ ಹೆಚ್ಚು ಹೋದರೆ ಎ.ಸಿ. ಕಂಡೆನ್ಸರ್, ಇಂಟರ್‌ಕೂಲರ್, ಪಾರ್ಕಿಂಗ್ ಸೆನ್ಸರಿನ ವೈರ್ ಯಾವುದಾದರೂ ಸಿಕ್ಕೀತು. ಮುಂದೊಂದು ದಿನ ತೂತು ಮುಚ್ಚಿಸೋಣವೆಂದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಿ, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು ಇಡೀ ಬಂಪರಿಗೆ ಪೇಂಟ್ ಮಾಡಿಸಬೇಕು. ಮೆಟಾಲಿಕ್, ಪರ್ಲ್ ಬಣ್ಣಗಳಲ್ಲಿ ಆ ಹೊಸ ಪೇಂಟ್ ಪಕ್ಕದ ಫೆಂಡರಿನ ಬಣ್ಣಕ್ಕೆ ಹೊಂದುವುದು ನುರಿತ ಪೇಂಟರನಿಗೂ ಕಷ್ಟ.

ಟೋ ಹುಕ್ ಬ್ರ್ಯಾಕೆಟ್

ಕೆಟ್ಟು ನಿಂತ ಕಾರನ್ನು ಎಳೆಯಲೆಂದು ಇಂದಿನ ಬಹುಪಾಲು ಕಾರುಗಳ ಮುಂಬದಿಯಲ್ಲಿ ಮರೆಯುಳ್ಳ (ಸ್ಕ್ರೂ ಥ್ರೆಡ್ ಇರುವ) ಒಂದು ಗೂಡು ಇರುತ್ತದೆ. ಬಂಪರಿನ ಒಂದು ಪಕ್ಕದಲ್ಲಿ ಕಾಣುವ ಸಣ್ಣ ಚೌಕ ಅಥವಾ ದುಂಡು ಮುಚ್ಚಳವನ್ನು ಮೀಟಿ ತೆಗೆದರೆ ಒಳಗೆ ತೊಲೆಗೆ ಸೇರಿದ, ಮರೆ ಕೊರೆದ ಉಕ್ಕಿನ ಕೊಳವೆ ಸಿಗುತ್ತದೆ. ಸ್ಪೇರ್ ಟೈರಿನ ಉಪಕರಣಗಳ ಜೊತೆ ಬರುವ ಕೊಕ್ಕೆ (ಟೋ ಹುಕ್) ತಿರುಗಿಕೊಳ್ಳುವುದು ಅದರೊಳಕ್ಕೆ. ಕಾರಿನ ಇಡೀ ತೂಕವನ್ನೇ ಎಳೆಸಿಕೊಳ್ಳುವ ಜಾಗಕ್ಕೆ ನಂಬರ್ ಪ್ಲೇಟ್ ಒಂದು ಲೆಕ್ಕವೇ ಅಲ್ಲ. ಕೊಕ್ಕೆಯ ಬದಲು ಅದೇ ಮರೆಯ ಒಂದು ಸರಳು ತಿರುಗಿಸಿ, ಅದರ ತುದಿಗೆ ಬ್ರ್ಯಾಕೆಟ್ ಕೂರಿಸಿ, ಫಲಕ ಬಿಗಿಯುವುದೇ ಈ ವಿಧಾನ. ಪೋರ್ಷೆ 911, ಬಿಎಂಡಬ್ಲ್ಯೂನ ಎಂ ಸರಣಿ, ಸುಬಾರು ಬಿಆರ್‌ಝಡ್, ಮಾಜ್ದಾ ಎಂಎಕ್ಸ್-5ರಂಥ ಕಾರುಗಳ ಒಡೆಯರಲ್ಲಿ ಇದು ಬಹಳ ಜನಪ್ರಿಯ. ಇರುವ ವಿಧಾನಗಳಲ್ಲೆಲ್ಲ ಇದೇ ಮೇಲು.

ಕೊಳ್ಳುವಾಗ ಗಮನಿಸಬೇಕಾದದ್ದು ಮರೆಯನ್ನು. ಗೂಡಿನ ಅಗಲವೂ ಮರೆಯ ಅಂತರವೂ ಕಾರಿನಿಂದ ಕಾರಿಗೆ ಬೇರೆ. ಫೋಕ್ಸ್‌ವ್ಯಾಗನ್‌ನ ಹಲವು ಕಾರುಗಳಲ್ಲಿ ಮರೆಯೇ ಎಡತಿರುವಿನದು, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಆದ್ದರಿಂದ ಕಾರಿನ ಮಾದರಿ, ವರ್ಷ ಎರಡನ್ನೂ ಹೇಳಿಯೇ ಬ್ರ್ಯಾಕೆಟ್ ತರಿಸಬೇಕು. ಮೊದಲು ಸರಳನ್ನು ಕೈಯಿಂದಲೇ ಪೂರ್ತಿ ತಿರುಗಿಸಿ ನೋಡಬೇಕು. ಅರ್ಧದಲ್ಲಿ ಹಿಡಿದುಕೊಂಡರೆ ಸ್ಪ್ಯಾನರ್ ಹಾಕಿ ಒತ್ತಾಯಿಸಬಾರದು, ಮರೆ ಹಾಳಾದರೆ ಆಮೇಲೆ ಕಾರು ಕೆಟ್ಟಾಗ ಕೊಕ್ಕೆಯೂ ಕೂರುವುದಿಲ್ಲ. ಒಂದೇ ಸರಳಿನ ಮೇಲೆ ನಿಂತ ಫಲಕ ಗಾಳಿಗೆ ವಾಲುವುದನ್ನು ತಡೆಯುವುದು ಲಾಕ್ ನಟ್. ಅದನ್ನು ಚೆನ್ನಾಗಿ ಬಿಗಿದು, ಮರೆಗೆ ಎರಡು ಹನಿ ಥ್ರೆಡ್ ಲಾಕರ್ ಹಾಕಿದರೆ ಒಳ್ಳೆಯದು. ತಟ್ಟೆಗೂ ಬಂಪರಿಗೂ ನಡುವೆ ಬೆರಳು ಆಡುವಷ್ಟು ಸಂದು ಉಳಿಯಬೇಕು. ಪಾರ್ಕಿಂಗ್ ಸೆನ್ಸರ್ ಹತ್ತಿರದಲ್ಲೇ ಇದ್ದರೆ ಫಲಕ ಅದಕ್ಕೆ ಅಡ್ಡ ಬಂದು ಎದುರು ಏನೂ ಇಲ್ಲದಿದ್ದರೂ ಅಲಾರಾಂ ಕೂಗುತ್ತದೆ. ಬ್ರ್ಯಾಕೆಟನ್ನು ಒಂದೆರಡು ಸೆಂಟಿಮೀಟರ್ ಸರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇರುವ ಕಾರುಗಳಲ್ಲಿ ರೇಡಾರ್ ಮುಂದೆ ಮಾತ್ರ ಲೋಹದ ತಟ್ಟೆ ಖಂಡಿತ ಬರಕೂಡದು.

ಫಲಕ ನಡುವೆ ಇರದೆ ಒಂದು ಪಕ್ಕಕ್ಕೆ ಸರಿಯುವುದು ಕೆಲವರ ಕಣ್ಣಿಗೆ ಒಗ್ಗುವುದಿಲ್ಲ. ಆದರೆ ಈ ವಾರೆ ನೋಟಕ್ಕೆ ಗೌರವದ ಇತಿಹಾಸವಿದೆ. ಆಲ್ಫಾ ರೋಮಿಯೋ ತನ್ನ ಗುರಾಣಿ ಆಕಾರದ ಗ್ರಿಲ್ ಮುಚ್ಚಿಹೋಗದಿರಲೆಂದು 1997ರ 156 ಮಾದರಿಯಲ್ಲಿ ಫಲಕವನ್ನು ಪಕ್ಕಕ್ಕೆ ಇಟ್ಟಿತು, ಅದೇ ಆ ಕಂಪನಿಯ ಗುರುತಾಯಿತು. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್‌ನಲ್ಲಿ ಫಲಕ ಪಕ್ಕಕ್ಕೆ ಸರಿದದ್ದು ನಡುವಿನ ಇಂಟರ್‌ಕೂಲರಿಗೆ ಗಾಳಿ ಬಿಡಲು. ಟೋ ಹುಕ್ ಬ್ರ್ಯಾಕೆಟ್ ಹಾಕಿದ ಕಾರಿಗೂ ಇದೇ ಲಾಭ: ಗಾಳಿಯ ಬಾಯಿ ತೆರೆದೇ ಇರುತ್ತದೆ.

ಅಂಟು ಮತ್ತು ಇತರ ವಿಧಾನಗಳು

ಟೋ ಹುಕ್ ಗೂಡು ಇಲ್ಲದ ಹಳೆಯ ಕಾರುಗಳಿಗೂ ಫಲಕ ನಡುವೆಯೇ ಬೇಕೆನ್ನುವವರಿಗೂ ಉಳಿಯುವ ದಾರಿ ಅಕ್ರಿಲಿಕ್ ಫೋಮ್ ಟೇಪ್. 3ಎಂ ಕಂಪನಿಯ ವಿಎಚ್‌ಬಿ ಟೇಪ್ 1980ರಲ್ಲಿ ಬಂದಾಗಿನಿಂದ ಕಟ್ಟಡದ ಗಾಜು, ಲೋಹದ ಹಲಗೆಗಳನ್ನೂ ಸ್ಕ್ರೂ ಇಲ್ಲದೆ ಕೂರಿಸುವುದು ರೂಢಿಗೆ ಬಂದಿದೆ. ಟೆಸ್ಲಾ ಮಾಡೆಲ್ 3ಕ್ಕೆ ಕಂಪನಿಯೇ ಅಂಟು ಹಚ್ಚಿದ ಬ್ರ್ಯಾಕೆಟ್ ಒದಗಿಸಿದೆ.

ಟೇಪ್ ಕೈಕೊಟ್ಟಾಗ ತಪ್ಪು ಸಾಮಾನ್ಯವಾಗಿ ಟೇಪಿನದಲ್ಲ, ಅಂಟಿಸಿದ ರೀತಿಯದು. ಮೇಣದ ಪಾಲಿಷ್ ಇರುವ ಬಂಪರಿಗೆ ಯಾವ ಅಂಟೂ ಹಿಡಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿ ಒರೆಸಿ, ಒಣಗಿದ ಮೇಲೆ, 21ರಿಂದ 38 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವಾಗ ಅಂಟಿಸಿ ಬಲವಾಗಿ ಒತ್ತಬೇಕು. ಇಪ್ಪತ್ತು ನಿಮಿಷಕ್ಕೆ ಅರ್ಧದಷ್ಟು ಹಿಡಿತ ಬರುತ್ತದೆ, ಪೂರ್ತಿ ಬರಲು 72 ಗಂಟೆ ಬೇಕು. ಅಷ್ಟು ಹೊತ್ತು ಕಾರು ತೊಳೆಯದೆ, ಹೆದ್ದಾರಿಗೆ ಇಳಿಸದೆ ಇರುವ ತಾಳ್ಮೆ ಬೇಕು. ಬ್ರ್ಯಾಕೆಟ್ ಬಂಪರಿನ ಬಾಗಿಗೆ ಸರಿಯಾಗಿ ಕೂರದೆ ಸೆಟೆದು ನಿಂತರೆ ಟೇಪು ದಿನವಿಡೀ ಆ ಸೆಟೆತದ ವಿರುದ್ಧ ಎಳೆದಾಡಿ ಕೊನೆಗೆ ಬಿಡುತ್ತದೆ, ಹಾಗಾಗಿ ಬಾಗುವ ಬ್ರ್ಯಾಕೆಟನ್ನೇ ಆರಿಸಬೇಕು. ಬಂಪರಿಗೆ ಪೇಂಟ್ ರಕ್ಷಣೆಯ ಪಾರದರ್ಶಕ ಫಿಲ್ಮ್ ಹಾಕಿಸಿ ಅದರ ಮೇಲೆ ಅಂಟಿಸಿದರೆ, ಬಿಡಿಸುವಾಗ ಹೋಗುವುದು ಫಿಲ್ಮ್, ಉಳಿಯುವುದು ಬಣ್ಣ. ಬಿಡಿಸಲು ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಗಾಳದ ದಾರವನ್ನು ಹಿಂದಿನಿಂದ ಗರಗಸದಂತೆ ಆಡಿಸಬೇಕು. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಬಣ್ಣ ಟೇಪಿನ ಜೊತೆಗೇ ಬರುತ್ತದೆ.

ಗ್ರಿಲ್‌ನ ಜಾಲರಿಗೆ ಹಿಂದಿನಿಂದ ಪಟ್ಟಿ ಕೊಟ್ಟು ಬಿಗಿಯುವುದೂ ಒಂದು ಕ್ರಮ. ಖರ್ಚು ಕಡಿಮೆ, ಆದರೆ ಗಾಳಿಗೆ ಅಡ್ಡ, ಉದ್ದದ ಬೋಲ್ಟಿನ ತುದಿ ಕಂಡೆನ್ಸರಿಗೆ ತಗುಲುವ ಭಯವೂ ಇದೆ. ಅಯಸ್ಕಾಂತದಿಂದ ಹಿಡಿಸುವುದು ಇನ್ನೊಂದು ಕ್ರಮ. ಹೊದಿಕೆ ಪ್ಲಾಸ್ಟಿಕ್ ಆದ್ದರಿಂದ ಅಯಸ್ಕಾಂತಕ್ಕೆ ಹಿಂದೆಯೂ ಒಂದು ಜೊತೆ ಬೇಕು. ನಿಂತ ಕಾರಿನ ಪ್ರದರ್ಶನಕ್ಕೆ ಸರಿ, ಓಡುವ ಕಾರಿಗೆ ಇದನ್ನು ಒಪ್ಪಲಾಗದು. ಗುಂಡಿ ಒತ್ತಿದರೆ ಫಲಕ ಮಗುಚುವ, ಪರದೆಯಿಂದ ಮುಚ್ಚುವ ಮೋಟಾರಿನ ಸಾಧನಗಳೂ ಮಾರುಕಟ್ಟೆಯಲ್ಲಿವೆ. ಅವು ಅಪರಾಧಕ್ಕೆ ಒದಗುವ ಸಾಧನಗಳು, ರಸ್ತೆಯಲ್ಲಿ ಬಳಸಲೇಬಾರದು. ಅಪಘಾತ ಮಾಡಿ ಓಡಿಹೋದ ಕಾರನ್ನು ಹಿಡಿಯಲು ಬಿದ್ದವನಿಗೆ ಇರುವ ಒಂದೇ ಆಸರೆ ಆ ನಾಲ್ಕಾರು ಅಕ್ಷರ.

ಭಾರತದಲ್ಲಿ

ಭಾರತದಲ್ಲಿ ಮುಂದಿನ ಫಲಕ ಎಲ್ಲ ಕಾರಿಗೂ ಕಡ್ಡಾಯ. 2019ರ ಏಪ್ರಿಲ್ 1ರ ನಂತರದ ಹೊಸ ವಾಹನಗಳು ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಹೊತ್ತೇ ಬರುತ್ತವೆ. ಅದಕ್ಕೂ ಹಿಂದಿನ ವಾಹನಗಳೂ ಇದನ್ನು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶಿಸಿ, ಗಡುವನ್ನು ಹಲವು ಬಾರಿ ಮುಂದೂಡಿತು. ಈ ಫಲಕ 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ, ಕಾರಿಗೆ 500×120 ಅಥವಾ 340×200 ಮಿ.ಮೀ. ಅಳತೆ. ಸ್ಟಿಕ್ಕರ್ ಫಲಕ ಇಲ್ಲಿ ನಡೆಯುವುದಿಲ್ಲ. ಹಿಂದಿನ ಫಲಕವನ್ನು ಮತ್ತೆ ಬಿಚ್ಚಲಾಗದ ಸ್ನ್ಯಾಪ್ ಲಾಕ್‌ನಿಂದ ಬಿಗಿಯಬೇಕೆಂಬುದು ನಿಯಮ, ಮುಂದಿನದಕ್ಕೂ ರೂಢಿಯಲ್ಲಿ ಅದೇ.

ಸ್ನ್ಯಾಪ್ ಲಾಕ್ ಬಂದಮೇಲೆ ತೂತು ಅನಿವಾರ್ಯವೆಂದು ಹಲವರು ತಿಳಿದಿದ್ದಾರೆ. ತೂತು ಬೇಕಾದದ್ದು ಫಲಕದ ಹಿಂದಿನ ಆಧಾರಕ್ಕೆ, ಬಂಪರಿಗಲ್ಲ. ಮೊದಲು ಗಟ್ಟಿ ಬ್ರ್ಯಾಕೆಟನ್ನು ಟೋ ಹುಕ್ ಗೂಡಿಗೋ ಟೇಪಿನಿಂದಲೋ ಕೂರಿಸಿ, ಸ್ನ್ಯಾಪ್ ಲಾಕನ್ನು ಆ ಬ್ರ್ಯಾಕೆಟಿಗೆ ಬಿಗಿಸಿದರೆ ಫಲಕವೂ ಭದ್ರ, ಬಂಪರೂ ಕ್ಷೇಮ. ಆದರೆ ಇಲ್ಲಿಯೂ ಫಲಕ ಜೋಡಿಸುವುದು ಕಾರು ಕೈಗೆ ಬರುವ ಮುಂಚೆ, ಶೋರೂಮಿನ ಹಿಂದಿನ ಶೆಡ್ಡಿನಲ್ಲಿ. ಹಾಗಾಗಿ ಹೊಸ ಕಾರು ಕೊಳ್ಳುವವರು ಬುಕಿಂಗ್ ಫಾರಂನಲ್ಲೇ "ಮುಂದಿನ ಬಂಪರಿಗೆ ಡ್ರಿಲ್ ಮಾಡಬಾರದು, ಬ್ರ್ಯಾಕೆಟ್ ನಾನೇ ತರುತ್ತೇನೆ" ಎಂದು ಬರೆಸಿ, ಸಹಿ ಪಡೆದು, ಒಂದು ಪ್ರತಿ ಇಟ್ಟುಕೊಳ್ಳಿ.