ಪವಾಡ ಬಯಲು ಪ್ರದರ್ಶನ

ದೈವಶಕ್ತಿ, ಮಂತ್ರಶಕ್ತಿ ಇಲ್ಲವೆ ಮಾಟದ ಫಲವೆಂದು ಹೇಳಲಾಗುವ ಚಮತ್ಕಾರಗಳನ್ನು ಜನರ ಕಣ್ಣೆದುರೇ ಮಾಡಿ ತೋರಿಸಿ, ಬಳಿಕ ಅವುಗಳ ಗುಟ್ಟನ್ನು ಬಿಡಿಸಿ ಹೇಳುವ ರಂಗಪ್ರದರ್ಶನ. ಪವಾಡ ರಹಸ್ಯ ಬಯಲು ಎಂಬ ಹೆಸರೂ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಇದು ಶಾಲೆ ಕಾಲೇಜುಗಳ ಅಂಗಳದಲ್ಲಿ, ಎನ್‌ಎಸ್‌ಎಸ್ ಶಿಬಿರಗಳ ಸಂಜೆಯ ಕಾರ್ಯಕ್ರಮಗಳಲ್ಲಿ, ಊರ ನಡುವಿನ ಕಟ್ಟೆಗಳ ಮುಂದೆ ಬೆಳೆದು, ಟಿವಿ ವಾಹಿನಿಗಳನ್ನು ಹಾದು ಈಗ ಮೊಬೈಲ್ ಪರದೆಗೆ ಬಂದಿದೆ. ನಡೆಸಿಕೊಡುವವರ ಕೈಚಳಕ ಜಾದೂಗಾರರದು, ಮಾತು ಮೇಷ್ಟರದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ಈ ಪ್ರದರ್ಶನದ ಇತಿಹಾಸದಲ್ಲಿ ಮುಖ್ಯವಾದ ಊರು.

ಜಾದೂಗಾರ ಗುಟ್ಟು ಬಿಟ್ಟುಕೊಡುವುದಿಲ್ಲ. ಅದೇ ಅವನ ಹೊಟ್ಟೆಪಾಡು. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗಾರುಡಿಗರ ಆಟಗಳನ್ನು ನೋಡಿದವರಿಗೂ, ದೊಡ್ಡ ಜಾದೂ ಕಂಪನಿಗಳಿಗೆ ಟಿಕೆಟು ಕೊಂಡು ಹೋದವರಿಗೂ ಈ ಕಟ್ಟುಪಾಡು ಗೊತ್ತು. ಪವಾಡ ಬಯಲು ಈ ಕಟ್ಟುಪಾಡನ್ನು ಬೇಕೆಂದೇ ಮುರಿಯುತ್ತದೆ. ಆದ್ದರಿಂದ ವೃತ್ತಿನಿರತ ಜಾದೂಗಾರರಲ್ಲಿ ಕೆಲವರಿಗೆ ಇದರ ಮೇಲೆ ಮುನಿಸುಂಟು. ಅದರಲ್ಲಿ ನ್ಯಾಯವೂ ಇದೆ. ಆದರೆ ಮನರಂಜನೆಗೆಂದು ಒಪ್ಪಿಕೊಂಡೇ ಮಾಡುವ ಮೋಸಕ್ಕೂ ರೋಗಿಯ ಮನೆಯವರಿಂದ ಹಣ ಕೀಳಲು ಮಾಡುವ ಮೋಸಕ್ಕೂ ಇರುವ ಅಂತರ ದೊಡ್ಡದು, ಪವಾಡ ಬಯಲು ಮಾಡುವವರ ಗುರಿ ಎರಡನೆಯದು. ಈ ದಾರಿ ಹೊರದೇಶಗಳಲ್ಲೂ ಹಳತು. 1920ರ ದಶಕದಲ್ಲಿ ಜಾದೂಗಾರ ಹ್ಯಾರಿ ಹೂಡಿನಿ ಅಮೆರಿಕದಲ್ಲಿ ಸತ್ತವರೊಡನೆ ಮಾತಾಡಿಸುತ್ತೇವೆನ್ನುವವರ ಬೆನ್ನುಹತ್ತಿದ್ದರು. ಮುಂದೆ ಜೇಮ್ಸ್ ರ‍್ಯಾಂಡಿ ಇದನ್ನೇ ಜೀವನದ ಕೆಲಸ ಮಾಡಿಕೊಂಡರು.

ಪ್ರದರ್ಶನದ ಸಾಮಗ್ರಿಯೆಲ್ಲ ಅಡುಗೆಮನೆ, ದೇವರಮನೆ ಮತ್ತು ಶಾಲೆಯ ಪ್ರಯೋಗಾಲಯದಿಂದ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುವುದು ಹೋಮಕುಂಡ ತಾನಾಗಿಯೇ ಹೊತ್ತಿಕೊಂಡಾಗ. ಸಮಿತ್ತುಗಳ ಅಡಿಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ಹರಳುಗಳ ಪುಡಿ ಮೊದಲೇ ಇರುತ್ತದೆ. ಮಂತ್ರ ಹೇಳುತ್ತ ‘ತುಪ್ಪ’ವೆಂದು ಸುರಿಯುವುದು ಗ್ಲಿಸರಿನ್. ಎರಡೂ ಸೇರಿದ ಕೂಡಲೇ ಏನೂ ಆಗುವುದಿಲ್ಲ. ಕೆಲವು ಕ್ಷಣ ಕಳೆದ ಮೇಲೆ ಹೊಗೆ ಏಳುತ್ತದೆ, ಹಿಂದೆಯೇ ಉರಿ. ಆ ತಡ ಇರುವುದರಿಂದಲೇ ಆಟ ಗೆಲ್ಲುತ್ತದೆ. ಅನುಭವಿಯಾದವರು ಅಷ್ಟೂ ಹೊತ್ತು ಮಂತ್ರವನ್ನು ಎಳೆದು, ಬೆಂಕಿ ಏಳುವ ಹೊತ್ತಿಗೆ ಸರಿಯಾಗಿ ಸ್ವಾಹಾಕಾರಕ್ಕೆ ತಂದು ನಿಲ್ಲಿಸುತ್ತಾರೆ.

ನಿಂಬೆಹಣ್ಣು ಕೊಯ್ದಾಗ ನೆತ್ತರು ಸುರಿಯುವ ಆಟಕ್ಕೆ ಕೆಂಪು ದಾಸವಾಳದ ಹೂ ಸಾಕು. ಚಾಕುವಿನ ಅಲಗಿಗೆ ಹೂವನ್ನು ಉಜ್ಜಿ ಒಣಗಿಸಿಟ್ಟರೆ ಬಣ್ಣ ಎದ್ದು ಕಾಣದು. ನಿಂಬೆಯ ಹುಳಿ ತಾಗಿದೊಡನೆ ಕೆಂಪೇರುತ್ತದೆ. ಮೆಥೈಲ್ ಆರೆಂಜ್ ಎಂಬ ಪ್ರಯೋಗಾಲಯದ ದ್ರಾವಣವೂ ಇದೇ ಕೆಲಸ ಮಾಡುತ್ತದೆ. ಮಾಟ ತೆಗೆಯುತ್ತೇವೆಂದು ಬರುವವರ ಕೈಯಲ್ಲಿ ಈ ನಿಂಬೆಹಣ್ಣು ಹೆದರಿಸುವ ಆಯುಧವಾಗಿದೆ. ಅರಿಸಿನ ಬಳಿದ ಬಟ್ಟೆಯ ಮೇಲೆ ಸುಣ್ಣದ ನೀರು ತಾಗಿದ ಅಂಗೈ ಒತ್ತಿದರೆ ನೆತ್ತರ ಗುರುತು ಮೂಡುತ್ತದೆ. ಆರತಿಗೆ ಓಕುಳಿ ಕದಡುವ ಪ್ರತಿ ಮನೆಯ ಹೆಂಗಸರಿಗೂ ಇದು ಗೊತ್ತಿರುವ ಸಂಗತಿ, ಹಾಗಾಗಿ ಗುಟ್ಟು ಹೇಳಿದಾಗ ಮೊದಲು ನಗುವುದು ಅವರೇ. ತೆಂಗಿನಕಾಯಿಯೊಳಗಿಂದ ಹೂ ಬರುವುದಕ್ಕೆ ಕಾರಣ ಅದರ ಮೂರು ಕಣ್ಣುಗಳಲ್ಲಿ ಒಂದು ಮೆದುವಾಗಿರುವುದು: ಆ ಕಣ್ಣು ತೂತು ಮಾಡಿ ಹೂವಿನ ಎಸಳು ತೂರಿಸಿ, ಜುಟ್ಟಿನ ನಾರನ್ನು ಮತ್ತೆ ಮುಚ್ಚಲಾಗಿರುತ್ತದೆ. ಗಾಳಿಯಿಂದ ವಿಭೂತಿ ತೆಗೆಯುವವರು ಬೂದಿಯನ್ನು ಗಂಜಿಯಲ್ಲಿ ಕಲಸಿ ಒಣಗಿಸಿದ ಗುಳಿಗೆಯನ್ನು ಹೆಬ್ಬೆರಳಿನ ಬುಡದಲ್ಲಿ ಅಡಗಿಸಿಕೊಂಡಿರುತ್ತಾರೆ. ಕೈ ಸುತ್ತಿಸುವಾಗ ಬೆರಳಲ್ಲಿ ಅದನ್ನು ಪುಡಿ ಮಾಡಿದರೆ ಮುಗಿಯಿತು.

ಹಳ್ಳಿಯ ಸಭೆಗೆ ಹತ್ತಿರವಾದ ಇನ್ನೊಂದು ಆಟ ಅಕ್ಕಿಯ ಚೊಂಬಿನದು. ಕಿರಿದಾದ ಕಂಠದ ಚೊಂಬಿಗೆ ಬಾಯಿತನಕ ಅಕ್ಕಿ ತುಂಬಿ, ತಳವನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಕಾಳು ಕೂರುವಂತೆ ಮಾಡುತ್ತಾರೆ. ಚೂರಿಯೊಂದನ್ನು ಅಕ್ಕಿಯೊಳಕ್ಕೆ ಮತ್ತೆ ಮತ್ತೆ ಚುಚ್ಚಿ ತೆಗೆಯುತ್ತಾರೆ. ಪ್ರತಿ ಸಲವೂ ಕಾಳುಗಳು ಒತ್ತೊತ್ತಾಗಿ ಅಲಗನ್ನು ಹಿಡಿಯತೊಡಗುತ್ತವೆ. ಕೊನೆಗೆ ಚೂರಿಯ ಹಿಡಿ ಹಿಡಿದು ಎತ್ತಿದರೆ ಚೊಂಬೇ ಮೇಲೇಳುತ್ತದೆ. ಇದರಲ್ಲಿ ರಾಸಾಯನಿಕವಿಲ್ಲ, ಮರೆಮಾಚುವುದೂ ಇಲ್ಲ, ಬರೀ ಘರ್ಷಣೆ. ಸಭೆಯಿಂದ ಒಬ್ಬರನ್ನು ಮೇಲಕ್ಕೆ ಕರೆದು ಅವರ ಕೈಯಿಂದಲೇ ಎತ್ತಿಸುವುದು ವಾಡಿಕೆ. ಪವಾಡ ಬಯಲಿನ ಅತ್ಯುತ್ತಮ ಗಳಿಗೆ ಯಾವುದೆಂದರೆ ಇದೇ. ಮಂತ್ರವಾದಿಗೆ ಮಾತ್ರ ಸಾಧ್ಯ ಎಂದುಕೊಂಡಿದ್ದನ್ನು ಅದೇ ಊರಿನವರು, ಅವರ ನೆಂಟರಿಷ್ಟರೆದುರೇ, ಮಾಡಿಬಿಡುತ್ತಾರೆ. ಅಂಗೈ ಮೇಲೆ ಕರ್ಪೂರ ಉರಿಸುವುದು, ಬಗ್ಗಿಸಿದ ಕಂಬಿಯ ತ್ರಿಶೂಲವನ್ನು ನಾಲಿಗೆಗೆ ಸಿಕ್ಕಿಸಿಕೊಳ್ಳುವುದು, ಮೊಳೆಯ ಹಾಸಿಗೆಯ ಮೇಲೆ ಮಲಗುವುದು ಇವೂ ಕಾರ್ಯಕ್ರಮದಲ್ಲಿ ಸೇರಿಕೊಳ್ಳುತ್ತವೆ. ಮೊಳೆಗಳು ಹೆಚ್ಚಿದ್ದಷ್ಟೂ ಮೈಭಾರ ಹಂಚಿಹೋಗಿ ಚುಚ್ಚುವುದು ಕಡಿಮೆ ಎಂಬುದನ್ನು ಒತ್ತಡದ ಪಾಠವಾಗಿಯೇ ವಿವರಿಸಲಾಗುತ್ತದೆ.

ದಕ್ಷಿಣ ಭಾರತದಲ್ಲಿ ಈ ಬಗೆಯ ಸಂಚಾರಿ ಪ್ರದರ್ಶನಕ್ಕೆ ನಾಂದಿ ಹಾಡಿದವರು ಕೇರಳದ ತಿರುವಲ್ಲದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅಬ್ರಹಾಂ ಕೋವೂರ್ (1898–1978). ವಂಚನೆಗೆ ಎಡೆಯಿಲ್ಲದ ಕಡೆ ಪವಾಡ ಮಾಡಿ ತೋರಿಸುವವರಿಗೆ ಒಂದು ಲಕ್ಷ ರೂಪಾಯಿ ಕೊಡುವುದಾಗಿ ಅವರು 1963ರಲ್ಲಿ ಸವಾಲು ಹಾಕಿದರು. ಅವರ ಹಾದಿ ಹಿಡಿದ ತಮಿಳುನಾಡಿನ ಪೋದನೂರಿನ ಬಿ. ಪ್ರೇಮಾನಂದ್ (1930–2009) ಸ್ವತಃ ಜಾದೂ ಬಲ್ಲವರು. ದೇವಮಾನವರ ಒಂದೊಂದು ಚಮತ್ಕಾರವನ್ನೂ ಕಲಿತು, ವರ್ಗೀಕರಿಸಿ, ಊರೂರು ತಿರುಗಿ ತೋರಿಸಿದರು. ಇಂದಿನ ಪ್ರದರ್ಶನಗಳಲ್ಲಿ ಕಾಣುವ ಎಷ್ಟೋ ಆಟಗಳು ಅವರು ಹಂಚಿದ ಬುತ್ತಿ.

ಕರ್ನಾಟಕದ ಮಟ್ಟಿಗೆ 1976 ಎದ್ದು ಕಾಣುವ ವರ್ಷ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಆ ವರ್ಷ ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ‘ಎಚ್ಚೆನ್’ ಸತ್ಯಸಾಯಿಬಾಬಾ ಅವರಿಗೆ ತಮ್ಮ ಎದುರು ಪವಾಡ ಮಾಡಿ ತೋರಿಸುವಂತೆ ಪತ್ರ ಬರೆದರು, ಉತ್ತರ ಬರಲಿಲ್ಲ. ವಿಭೂತಿ ಉದುರಿಸುತ್ತಿದ್ದ ಪಾಂಡವಪುರದ ಬಾಲಕನೊಬ್ಬನನ್ನು ಸಮಿತಿ ಪರೀಕ್ಷಿಸಿದಾಗ ವಿಭೂತಿ ಅವನ ಉಡುಪಿನೊಳಗೇ ಇದ್ದದ್ದು ಬಯಲಾಯಿತು. ಅದೇ ವರ್ಷ ಮಂಗಳೂರಿನಲ್ಲಿ ದಕ್ಷಿಣ ಕನ್ನಡ ವಿಚಾರವಾದಿ ಸಂಘ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ, ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದ ನರೇಂದ್ರ ನಾಯಕ್ ಮುಂದೆ ದೇಶದ ಹಲವು ಭಾಷೆಗಳಲ್ಲಿ ಪವಾಡ ಬಯಲು ನಡೆಸಿಕೊಟ್ಟರು. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುವ 51ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ 1976ರ 42ನೇ ತಿದ್ದುಪಡಿಯಿಂದಲೇ.

1995ರ ಸೆಪ್ಟೆಂಬರ್ 21ರಂದು ದೇಶದಾದ್ಯಂತ ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ಹಬ್ಬಿದಾಗ ಈ ಪ್ರದರ್ಶಕರಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂತು. ಚಮಚದ ಹಾಲು ಮೇಲ್ಮೈ ಎಳೆತದಿಂದ ಕಲ್ಲಿಗೆ ಅಂಟಿ ತೆಳುವಾಗಿ ಕೆಳಗೆ ಹರಿಯುತ್ತದೆ ಎನ್ನುವುದನ್ನು ಬಣ್ಣ ಬೆರೆಸಿದ ಹಾಲಿನಿಂದ ತೋರಿಸಲಾಯಿತು. ಸುದ್ದಿ ಫೋನಿನಲ್ಲೂ ಟಿವಿಯಲ್ಲೂ ಒಂದೇ ದಿನದಲ್ಲಿ ದೇಶ ಸುತ್ತಿತು. ಊರೂರು ತಿರುಗಿ ವಿವರಿಸುವವರು ಅದರ ವೇಗ ಮುಟ್ಟಲಾರರು ಎಂಬುದು ಅಂದೇ ಗೊತ್ತಾಯಿತು.

ದೊಡ್ಡಬಳ್ಳಾಪುರದಲ್ಲಿ ಶಾಲಾ ಶಿಕ್ಷಕರಾಗಿದ್ದ ಹುಲಿಕಲ್ ನಟರಾಜ್ ಈ ಪ್ರದರ್ಶನವನ್ನು ಬಯಲುಸೀಮೆಯ ಹಳ್ಳಿಗಳಿಗೆ ಒಗ್ಗಿಸಿದವರು. ಪತ್ರಿಕೆಗಳು ಅವರನ್ನು ‘ಪವಾಡ ಭಂಜಕ’ ಎಂದೇ ಕರೆಯುತ್ತವೆ. ರಾಜ್ಯದ ಉದ್ದಗಲಕ್ಕೂ ತಿರುಗಿ ಶಾಲೆ, ಕಾಲೇಜು, ಶಿಬಿರಗಳಲ್ಲಿ ಕಾರ್ಯಕ್ರಮ ನಡೆಸಿದ್ದಾರೆ. ಬಾನಾಮತಿ, ಮಾಟ, ಮೈಮೇಲೆ ದೇವರು ಬರುವುದು ಮುಂತಾದ ವಿಷಯಗಳ ಚರ್ಚೆಗೆ ಕನ್ನಡ ಸುದ್ದಿವಾಹಿನಿಗಳು ಅವರನ್ನು ಕರೆಸುತ್ತ ಬಂದಿವೆ. ಕರ್ನಾಟಕ ರಾಜ್ಯ ವೈಜ್ಞಾನಿಕ ಸಂಶೋಧನಾ ಪರಿಷತ್ತಿನ ಅಧ್ಯಕ್ಷರಾಗಿ ಕೆಲಸಕ್ಕೆ ಸಂಘಟನೆಯ ರೂಪವನ್ನೂ ಕೊಟ್ಟರು. ವೇದಿಕೆ, ಟಿವಿ, ಯೂಟ್ಯೂಬ್ ಹೀಗೆ ಮೂರು ಮೆಟ್ಟಿಲುಗಳನ್ನೂ ಒಬ್ಬರೇ ಏರಿದ ಉದಾಹರಣೆ ಕನ್ನಡದಲ್ಲಿ ಬೇಕಿದ್ದರೆ ಅವರನ್ನೇ ಹೆಸರಿಸಬೇಕು.

ಕಾನೂನು ತಡವಾಗಿ ಬಂತು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ 1954ರಿಂದಲೂ ಇತ್ತು, ಆದರೆ ಅದರ ಹಿಡಿತ ಜಾಹೀರಾತಿಗೆ ಸೀಮಿತ. ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆ ಮಸೂದೆಗೆ ರಾಜ್ಯ ವಿಧಾನಮಂಡಲ 2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಒಪ್ಪಿಗೆ ಕೊಟ್ಟಿತು. ಕಾಯಿದೆ ಜಾರಿಯಾದದ್ದು 2020ರ ಜನವರಿಯಲ್ಲಿ. ಇದು ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ಮುಟ್ಟುವುದಿಲ್ಲ. ನೆಲಮಂಗಲ ತಾಲೂಕಿನ ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆಯಿಂದ ಬೆಟ್ಟ ಹತ್ತುವ ಭಕ್ತರಿಗೂ ಈ ಕಾಯಿದೆಗೂ ಸಂಬಂಧವಿಲ್ಲ. ಹೆದರಿಸಿ ಹಣ ಕೀಳುವುದು, ಮೈಗೆ ನೋವು ಮಾಡುವುದು, ಮಾನ ಕಳೆಯುವುದು ಅಪರಾಧ. ಒಳ್ಳೆಯ ಪ್ರದರ್ಶಕರು ಈ ಗೆರೆಯನ್ನು ಕಾಯಿದೆ ಬರುವ ಮೊದಲಿನಿಂದಲೂ ಕಾಪಾಡಿಕೊಂಡಿದ್ದಾರೆ. ಹಳ್ಳಿಯವರು ಅವರನ್ನು ಮರಳಿ ಕರೆಯುವುದಕ್ಕೆ ಇದೂ ಒಂದು ಕಾರಣ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಗ್ಗದ ಡೇಟಾ ಹಳ್ಳಿ ಮುಟ್ಟಿತು. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಸಭಾಂಗಣಗಳು ಮುಚ್ಚಿದವು. ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಅದೇ ವರ್ಷ ರೀಲ್ಸ್ ಮತ್ತು ಶಾರ್ಟ್ಸ್ ಅದರ ಜಾಗ ಹಿಡಿದವು. ಊರೂರು ತಿರುಗುತ್ತಿದ್ದ ಜಾದೂಗಾರರಿಗೆ ಕ್ಯಾಮೆರಾವೇ ಸಭೆಯಾಯಿತು. ಈ ಬದಲಾವಣೆಯ ಎತ್ತರದ ತುದಿಯಲ್ಲಿ ನಿಂತವರು ಸುಹಾನಿ ಶಾ. 1997ರಲ್ಲಿ ಅಹಮದಾಬಾದಿನಲ್ಲಿ ಏಳನೇ ವಯಸ್ಸಿಗೆ ವೇದಿಕೆ ಹತ್ತಿ, ಶಾಲೆ ಬಿಟ್ಟು ತಂಡದೊಡನೆ ದೇಶ ಸುತ್ತಿದ ಅವರು ಮನಸ್ಸು ಓದುವ ಆಟಕ್ಕೆ ಹೊರಳಿ ಯೂಟ್ಯೂಬಿನಲ್ಲಿ ಮನೆಮಾತಾದರು. 2025ರ ಜುಲೈನಲ್ಲಿ ಇಟಲಿಯ ಟುರಿನ್‌ನಲ್ಲಿ ನಡೆದ ಜಾದೂಗಾರರ ವಿಶ್ವ ಸ್ಪರ್ಧೆಯಲ್ಲಿ ಆನ್‌ಲೈನ್ ಜಾದೂವಿಗೆ ಕೊಡುವ ಪ್ರಶಸ್ತಿ ಪಡೆದರು. ತಾವು ಮಾಡುವುದು ಕಲೆ, ದಿವ್ಯಶಕ್ತಿಯಲ್ಲ ಎಂದು ಬಹಿರಂಗವಾಗಿ ಹೇಳುವ ಜಾದೂಗಾರರು ಪವಾಡ ಬಯಲು ಮಾಡುವವರಿಗೆ ನೆಂಟರೇ ಸರಿ.

ಪರದೆಯಿಂದ ಪವಾಡ ಬಯಲಿಗೆ ಆದ ಲಾಭ ಕಣ್ಣಿಗೆ ಕಾಣುವಂಥದು: ಒಮ್ಮೆ ಚಿತ್ರಿಸಿದ್ದು ಹೊಸಕೋಟೆಯಲ್ಲೂ ಹುಬ್ಬಳ್ಳಿಯಲ್ಲೂ ಕೊಲ್ಲಿ ದೇಶದ ಕನ್ನಡಿಗರ ಕೋಣೆಯಲ್ಲೂ ಓಡುತ್ತದೆ, ನಿಧಾನಿಸಿ ಮತ್ತೆ ನೋಡಬಹುದು. ನಷ್ಟ ಅಷ್ಟು ಬೇಗ ಕಾಣುವುದಿಲ್ಲ. ಈ ಪ್ರದರ್ಶನಕ್ಕೆ ಎರಡು ಭಾಗ: ಮೊದಲು ಚಮತ್ಕಾರ, ಆಮೇಲೆ ಗುಟ್ಟು. ಅರ್ಧ ನಿಮಿಷದ ತುಣುಕಿಗೆ ಕತ್ತರಿಸುವಾಗ ಉಳಿಯುವುದು ಮೊದಲ ಭಾಗ. ವಿವರಣೆ ಕಳಚಿಬಿದ್ದ ಹೋಮಕುಂಡದ ತುಣುಕು ಪವಾಡದ ಸಾಕ್ಷಿಯಾಗಿಯೇ ವಾಟ್ಸ್ಆ್ಯಪ್‌ನಲ್ಲಿ ಸುತ್ತಬಲ್ಲದು. ಜೊತೆಗೆ ಕ್ಯಾಮೆರಾದ ಎದುರು ಚೊಂಬನ್ನು ಊರಿನವರ ಕೈಗೆ ಕೊಡಲು ಬರುವುದಿಲ್ಲ. ಸಂಕಲನದ ಮೋಸ ಎಲ್ಲರಿಗೂ ತಿಳಿದಿರುವುದರಿಂದ ನಿಜವಾದ ಪ್ರಯೋಗವನ್ನೂ ನೋಡುಗರು ಶಂಕಿಸುತ್ತಾರೆ. ಹಾಗಾಗಿ ಆನ್‌ಲೈನ್‌ನಲ್ಲಿ ಎರಡು ಕಟ್ಟಳೆ ಪಾಲಿಸುವುದು ಮೇಲು: ಎಲ್ಲಿಯೂ ಕತ್ತರಿಸದೆ ಒಂದೇ ಏಟಿಗೆ ಚಿತ್ರಿಸುವುದು, ಮತ್ತು ಗುಟ್ಟನ್ನು ಮೊದಲೇ ಹೇಳಿ ಆಟವನ್ನು ಅದರ ಬೆನ್ನಿಗೆ ತೋರಿಸುವುದು. ಬೆರಗು ಸ್ವಲ್ಪ ಕಡಿಮೆಯಾದರೂ ತುಣುಕನ್ನು ತಿರುಚಲು ಬರುವುದಿಲ್ಲ.

ಸುರಕ್ಷತೆಯ ಮಾತೂ ಇಲ್ಲಿಗೇ ಸೇರುತ್ತದೆ. ವೇದಿಕೆಯಲ್ಲಿ ಮೇಷ್ಟರು ಎದುರಿಗಿರುತ್ತಾರೆ, ಬಕೆಟ್ಟಿನಲ್ಲಿ ಮರಳು ನೀರು ಇರುತ್ತದೆ. ಪರದೆ ನೋಡಿ ಮನೆಯಲ್ಲಿ ಮಾಡಹೊರಡುವ ಮಗುವಿನ ಹತ್ತಿರ ಯಾರೂ ಇರುವುದಿಲ್ಲ. ಒದ್ದೆ ತೆಂಗಿನ ನಾರಿಗೆ ಸೋಡಿಯಂ ಲೋಹದ ಚೂರಿಟ್ಟು ಬೆಂಕಿ ಎಬ್ಬಿಸುವ ಆಟ ಕಣ್ಣಿಗೆ ಅಪಾಯ. ಅಲ್ಯೂಮಿನಿಯಂ ಮೇಲೆ ಮರ್ಕ್ಯುರಿಕ್ ಕ್ಲೋರೈಡ್ ಸವರಿ ದೇವರ ಪಟದಿಂದ ಬೂದಿ ಉದುರಿಸುವ ಪ್ರಯೋಗವನ್ನಂತೂ ಶಾಲೆಯ ಅಂಗಳದಲ್ಲೂ ಪರದೆಯ ಮೇಲೂ ಪೂರ್ತಿ ಕೈಬಿಡಬೇಕು. ಮರ್ಕ್ಯುರಿಕ್ ಕ್ಲೋರೈಡ್ ಚರ್ಮದ ಮೂಲಕವೂ ಒಳಸೇರುವ ಕಡುವಿಷ. ವಿಭೂತಿಯ ಗುಟ್ಟು ತೋರಿಸಲು ಗಂಜಿಯಲ್ಲಿ ಕಲಸಿದ ಬೂದಿಯ ಗುಳಿಗೆಯೇ ಸಾಕು.