ಹೆಸರೆರಡು, ವ್ಯಕ್ತಿಯೊಬ್ಬ: ಬ್ಯಾಬಿಲೋನಿಯದ ಮೃತ್ಫಲಕಗಳಲ್ಲಿ ವ್ಯಕ್ತಿನಾಮಗಳು

ಪ್ರಾಚೀನ ಬ್ಯಾಬಿಲೋನಿಯದಲ್ಲಿ ಸಾಲಪತ್ರ, ಗೇಣಿಪತ್ರ, ರಶೀದಿಗಳನ್ನು ಹಸಿ ಜೇಡಿಮಣ್ಣಿನ ಫಲಕಗಳ ಮೇಲೆ ಕ್ಯೂನಿಫಾರ್ಮ್ ಎಂಬ ಬೆಣೆಲಿಪಿಯಲ್ಲಿ ಬರೆಯುತ್ತಿದ್ದರು. ಅರಸರ ಶಾಸನಗಳಲ್ಲಿ ಕಾಣದ ಸಾಮಾನ್ಯರು ಇಲ್ಲಿ ಸಾಲಗಾರರಾಗಿ, ಸಾಕ್ಷಿಗಳಾಗಿ, ಲಿಪಿಕಾರರಾಗಿ ಕಾಣಿಸಿಕೊಳ್ಳುತ್ತಾರೆ. ಅವರಲ್ಲಿ ಬಹುಪಾಲು ಜನರ ವಿಷಯದಲ್ಲಿ ಉಳಿದಿರುವ ಆಧಾರ ಹೆಸರೊಂದೇ.

ಈ ಹೆಸರುಗಳಲ್ಲಿ ಅನೇಕವು ಪುಟ್ಟ ಪ್ರಾರ್ಥನಾವಾಕ್ಯಗಳು. ನೆಬುಕಡ್ನೆಜರ್ ಎಂದು ಪ್ರಸಿದ್ಧನಾದ ಅರಸನ ನಿಜನಾಮ ‘ನಬೂ-ಕುದುರ್ರಿ-ಉಸುರ್’. ನಬೂ ದೇವನೇ, ನನ್ನ ಉತ್ತರಾಧಿಕಾರಿಯನ್ನು ಕಾಪಾಡು ಎಂಬುದು ಅದರ ಅರ್ಥ. ಹೆಸರಿನೊಳಗಿನ ದೈವವು ಅದನ್ನು ಇಟ್ಟವರ ಸಮುದಾಯವನ್ನು ಸೂಚಿಸಬಲ್ಲದು. ಇದೇ ಅರಸನು ಗಡೀಪಾರು ಮಾಡಿದ ಯೆಹೂದ್ಯರ ವಂಶಜರನ್ನು ‘ಯಾಹೂ’ ಎಂಬ ದೈವನಾಮದಿಂದ ಗುರುತಿಸುವುದು ಹೀಗೆ. ಅವರ ನೆಲೆಯಾಗಿದ್ದ ‘ಆಲ್-ಯಾಹೂದು’ ಎಂಬ ಊರಿಗೆ ಸಂಬಂಧಿಸಿದ ಫಲಕಗಳು ಕ್ರಿ.ಪೂ. 6 ಮತ್ತು 5ನೆಯ ಶತಮಾನಗಳವು. ಅವುಗಳಲ್ಲಿ ನೂರಕ್ಕೂ ಹೆಚ್ಚು ಪತ್ರಗಳನ್ನು ಲಾರಿ ಪಿಯರ್ಸ್ ಮತ್ತು ಕಾರ್ನೇಲಿಯಾ ವುನ್ಶ್ 2014ರಲ್ಲಿ ಪ್ರಕಟಿಸಿದರು. ಇವು ಉತ್ಖನನದಿಂದಲ್ಲ, ಪ್ರಾಚೀನ ವಸ್ತುಗಳ ಮಾರುಕಟ್ಟೆಯಿಂದ ಬಂದವು. ದೊರೆತ ನೆಲೆಯ ಮಾಹಿತಿಯೇ ಇಲ್ಲದಿರುವಾಗ ಪತ್ರಗಳನ್ನು ಪರಸ್ಪರ ಬೆಸೆಯುವ ಮುಖ್ಯ ಎಳೆಗಳಲ್ಲಿ ವ್ಯಕ್ತಿನಾಮವೂ ಒಂದು.

ಆದರೆ ಒಂದೇ ಹೆಸರಿನವರು ಹಲವರು. ಒಂದೇ ಹೆಸರನ್ನು ಬರೆಯುವ ಬಗೆಗಳೂ ಹಲವು. ಬ್ಯಾಬಿಲೋನಿಯದ ನಗರಕುಟುಂಬಗಳವರು ತಮ್ಮ ಹೆಸರು, ತಂದೆಯ ಹೆಸರುಗಳ ಜೊತೆಗೆ ಮೂಲಪುರುಷನ ಹೆಸರನ್ನೂ ಹೇಳುತ್ತಿದ್ದರು. ವಲಸಿಗರಿಗೆ ಸಾಮಾನ್ಯವಾಗಿ ಈ ಮೂರನೆಯ ಗುರುತಿರಲಿಲ್ಲ. ಇಲ್ಲಿ ಗಣಕಯಂತ್ರದ ನೆರವು ಒದಗುತ್ತದೆ. ಲೈಡನ್ ವಿಶ್ವವಿದ್ಯಾಲಯದ ‘ಪ್ರೊಸೊಬ್ಯಾಬ್’ನಂತಹ ದತ್ತಾಂಶಕೋಶಗಳು ಯಾರು, ಯಾವ ಪತ್ರದಲ್ಲಿ, ಯಾವ ಪಾತ್ರದಲ್ಲಿ, ಯಾರೊಡನೆ ಕಾಣಿಸಿಕೊಂಡರು ಎಂಬುದನ್ನು ಒಂದೆಡೆ ತಂದು, ಚದುರಿದ ಉಲ್ಲೇಖಗಳನ್ನು ಹೋಲಿಸಲು ಅನುವು ಮಾಡಿಕೊಡುತ್ತವೆ.

ಇಂತಹ ಹೋಲಿಕೆಯ ಮಹತ್ವವನ್ನು ನುಬಾಯನ ಮಗನ ಪ್ರಸಂಗದಲ್ಲಿ ಕಾಣಬಹುದು. ಅವನು ಒಂದೆಡೆ ‘ಬೇಲ್-ಶರ್-ಉಸುರ್’, ಇನ್ನೊಂದೆಡೆ ‘ಯಾಹೂ-ಶರ್-ಉಸುರ್’. ಅರಸನನ್ನು ಕಾಪಾಡೆಂಬ ಪ್ರಾರ್ಥನೆ ಎರಡರಲ್ಲಿಯೂ ಒಂದೇ. ಬದಲಾದದ್ದು ದೈವ ಮಾತ್ರ. ಇಬ್ಬರೂ ಒಬ್ಬನೇ ಎಂಬುದು ವಿದ್ವಾಂಸರ ಅಭಿಪ್ರಾಯ. ಹೆಸರಿನ ದೈವವನ್ನಷ್ಟೇ ನೋಡಿ ಎಣಿಸುವ ಯಂತ್ರವಾದರೋ ಇವನನ್ನು ಒಮ್ಮೆ ಬ್ಯಾಬಿಲೋನಿಯನ್, ಒಮ್ಮೆ ಯೆಹೂದ್ಯ ಎಂದು ಇಬ್ಬರನ್ನಾಗಿ ಲೆಕ್ಕಹಾಕೀತು. ಯೆರೂಸಲೇಮಿಗೆ ಮರಳಿದವರ ನಾಯಕ ಜೆರುಬ್ಬಾಬೆಲನ ಹೆಸರಿಗೂ ‘ಬ್ಯಾಬಿಲೋನಿನ ಬೀಜ’ ಎಂದೇ ಅರ್ಥವಷ್ಟೆ!

ಆದುದರಿಂದ ಪರದೇಶಿ ಹೆಸರು ಹೆಚ್ಚಿದೊಡನೆ ಒಂದು ಸಮುದಾಯ ತನ್ನ ನಂಬಿಕೆಯನ್ನು ತೊರೆಯಿತೆಂದು ತೀರ್ಮಾನಿಸಲಾಗದು. ಯಂತ್ರವು ಸಂಭವನೀಯ ಸಂಬಂಧಗಳನ್ನು ಮುಂದಿಡುತ್ತದೆ. ಪತ್ರವನ್ನು ಓದಿ ಅದರ ಸಂದರ್ಭವನ್ನು ತೂಗಿ ನೋಡುವ ಹೊಣೆ ಸಂಶೋಧಕನದೇ.